ರಾಸಾಯನಿಕ ಮಾಲಿನ್ಯ ಮತ್ತು ಆರೋಗ್ಯ: ಹಲವು ಸಂಸ್ಥೆಗಳು ಹಂಚಿಕೊಳ್ಳುವ ದತ್ತಾಂಶವನ್ನು ಎಲ್ಲಿ, ಹೇಗೆ ಇಡುವುದು?

ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡ್ ಮತ್ತು ಆರ್ಸೆನಿಕ್, ಹಳೆಯ ಬ್ಯಾಟರಿ ಕರಗಿಸುವಲ್ಲಿಂದ ಹೊರಬೀಳುವ ಸೀಸ, ತೋಟಕ್ಕೆ ಸಿಂಪಡಿಸಿದ ಕೀಟನಾಶಕ, ಇವೆಲ್ಲ ಜನರ ದೇಹಕ್ಕೆ ಏನು ಮಾಡುತ್ತಿವೆ ಎಂಬುದನ್ನು ಒಂದೇ ಸಂಸ್ಥೆ ತಾನಾಗಿ ಅಳೆದು ಮುಗಿಸುವುದು ನಮ್ಮಲ್ಲಿ ಅಪರೂಪ. ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವವರು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರು. ನೀರು, ಮೂತ್ರ, ರಕ್ತದ ಮಾದರಿಗಳನ್ನು ಪರೀಕ್ಷಿಸುವುದು ಬೇರೊಂದು ಊರಿನ ಪ್ರಯೋಗಾಲಯ. ಹಳ್ಳಿಯವರ ವಿಶ್ವಾಸ ಗಳಿಸಿಕೊಂಡಿರುವುದು ಒಂದು ಸ್ವಯಂಸೇವಾ ಸಂಸ್ಥೆ. ಕೊನೆಗೆ ಸಂಖ್ಯೆಗಳನ್ನು ವಿಶ್ಲೇಷಿಸುವವರು ಮತ್ತೊಂದು ವಿಶ್ವವಿದ್ಯಾಲಯದವರು. ಇಂಥ ತಂಡಗಳಲ್ಲಿರುವ ಓದುಗರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಎಲ್ಲರೂ ಬಳಸಬೇಕಾದ ಈ ದತ್ತಾಂಶವನ್ನು ಗೂಗಲ್ ಡ್ರೈವ್‌ನಲ್ಲಿ ಇಟ್ಟರೆ ಸಾಕೇ, ಆರೋಗ್ಯ ಸಂಶೋಧನೆಯ ದತ್ತಾಂಶ ವ್ಯವಸ್ಥೆಯಾದ ರೆಡ್‌ಕ್ಯಾಪ್ ಹಾಕಿಸಬೇಕೇ, ಝೆನೋಡೊದಂಥ ಸಾರ್ವಜನಿಕ ಭಂಡಾರಕ್ಕೆ ಏರಿಸಬೇಕೇ, ಅಥವಾ ಅವರವರ ದತ್ತಾಂಶ ಅವರವರ ಬಳಿಯೇ ಇರಲಿ ಎಂದು ಬಿಡಬೇಕೇ?

ಈ ಆಯ್ಕೆಗಳಲ್ಲಿ ಯಾವುದೂ ಎಲ್ಲರಿಗೂ ಹೊಂದುವುದಿಲ್ಲ. ಆದರೆ ಯಾವ ತಂಡಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಕೆಲವು ಅಳತೆಗೋಲುಗಳ ಮೇಲೆ ಇಟ್ಟು ನೋಡಿದರೆ ತೀರ್ಮಾನ ಅಷ್ಟೇನೂ ಕಷ್ಟವಲ್ಲ. ಹಾಗಾಗಿ ಮೊದಲು ಅಳತೆಗೋಲುಗಳನ್ನು ಹೇಳಿ, ಆಮೇಲೆ ಒಂದೊಂದೇ ವ್ಯವಸ್ಥೆಯನ್ನು ತೂಗಿ ನೋಡುತ್ತೇನೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯವಾದುದು, ಒಂದು ಸಂಖ್ಯೆಯ ಜೊತೆಗೆ ಆ ಸಂಖ್ಯೆ ಬಂದ ಬಗೆಯನ್ನೂ ವ್ಯವಸ್ಥೆ ಕಾಪಾಡುತ್ತದೆಯೇ ಎಂಬುದು. ಮಾಲಿನ್ಯಕಾರಕಗಳ ದತ್ತಾಂಶ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಂಥ, ಆರ್ಸೆನಿಕ್ ಸಮಸ್ಯೆಯಿರುವ ಊರೊಂದರಲ್ಲಿ ಎರಡು ತಂಡಗಳು ನೀರು ಪರೀಕ್ಷಿಸಿವೆ ಎಂದುಕೊಳ್ಳೋಣ. ಒಂದು ತಂಡ ಸ್ಥಳದಲ್ಲೇ ಕಿಟ್ ಬಳಸಿದೆ, ಆ ಕಿಟ್ ಲೀಟರಿಗೆ 10 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ನೆಚ್ಚಿಕೊಳ್ಳುವಂತೆ ತೋರಿಸುವುದಿಲ್ಲ; ಇನ್ನೊಂದು ತಂಡ ಐಸಿಪಿ-ಎಂಎಸ್ ಉಪಕರಣ ಬಳಸಿದೆ, ಅದು 1 ಮೈಕ್ರೊಗ್ರಾಂಗಿಂತ ಕಡಿಮೆಯನ್ನೂ ಅಳೆಯುತ್ತದೆ. ಇಬ್ಬರೂ ಕೆಲವು ಬಾವಿಗಳ ಮುಂದೆ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದಾರೆ. ಮೊದಲನೆಯವರ ಮಾತಿನ ಅರ್ಥ ‘10ಕ್ಕಿಂತ ಕಡಿಮೆ’, ಎರಡನೆಯವರದು ‘1ಕ್ಕಿಂತ ಕಡಿಮೆ’. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನ ಆರ್ಸೆನಿಕ್‌ಗೆ ಇಟ್ಟಿರುವ ಮಿತಿಯೇ ಲೀಟರಿಗೆ 10 ಮೈಕ್ರೊಗ್ರಾಂ ಆಗಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಇದರ ಮೇಲೆ ಒಬ್ಬರು ಆ ಜಾಗದಲ್ಲಿ ಸೊನ್ನೆ ಹಾಕಿ, ಇನ್ನೊಬ್ಬರು ಖಾಲಿ ಬಿಟ್ಟರೆ, ಎರಡನ್ನೂ ಕೂಡಿಸಿದ ಹಾಳೆಯಲ್ಲಿ ಸರಾಸರಿಯೂ ತಪ್ಪುತ್ತದೆ, ಸುರಕ್ಷಿತ ಬಾವಿಗಳ ಎಣಿಕೆಯೂ ತಪ್ಪುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆಯಾದ ಎನ್‌ಹೇನ್ಸ್ ಈ ತೊಡಕನ್ನು ಬಿಡಿಸಿಕೊಂಡ ರೀತಿಯನ್ನು ಯಾರು ಬೇಕಾದರೂ ಅನುಸರಿಸಬಹುದು. ಅಲ್ಲಿ ಅಳೆದ ರಾಸಾಯನಿಕಕ್ಕೆ ಎರಡು ಕಾಲಂ ಇರುತ್ತವೆ: ಒಂದರಲ್ಲಿ ಪ್ರಮಾಣ, ಇನ್ನೊಂದರಲ್ಲಿ ಅದು ಪತ್ತೆಮಿತಿಗಿಂತ, ಅಂದರೆ ಆ ವಿಧಾನ ನೆಚ್ಚಿಕೊಳ್ಳುವಂತೆ ತೋರಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ, ಮೇಲಿದೆಯೋ ಕೆಳಗಿದೆಯೋ ಎಂಬ ಗುರುತು. ಕೆಳಗಿದ್ದರೆ ಪ್ರಮಾಣದ ಜಾಗದಲ್ಲಿ ಪತ್ತೆಮಿತಿಯನ್ನು 2ರ ವರ್ಗಮೂಲದಿಂದ ಭಾಗಿಸಿದ ಸಂಖ್ಯೆ ಬರುತ್ತದೆ. ಆ ಗುರುತಿನ ಕಾಲಂ ಇರುವುದರಿಂದ ಮುಂದೆ ಬೇರೆ ವಿಧಾನದಲ್ಲಿ ಲೆಕ್ಕ ಹಾಕುವವರಿಗೂ ದಾರಿ ತೆರೆದಿರುತ್ತದೆ. ನೀವು ಯಾವ ವ್ಯವಸ್ಥೆಯನ್ನು ಆರಿಸಿದರೂ ಅದರಲ್ಲಿ ಪ್ರಯೋಗಾಲಯದ ಹೆಸರು, ವಿಧಾನ, ಪತ್ತೆಮಿತಿ, ಏಕಮಾನ, ಮಾದರಿ ತೆಗೆದ ದಿನ ಮತ್ತು ಪರೀಕ್ಷಿಸಿದ ದಿನ ಇಷ್ಟನ್ನು ಪ್ರತಿ ಫಲಿತಾಂಶಕ್ಕೂ ಅಂಟಿಸಿ ಇಡಲು ಆಗಬೇಕು. ಏಕಮಾನದ ಮಾತು ಬಂದುದರಿಂದ ಹೇಳುತ್ತೇನೆ: ರಕ್ತದ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಎಂದರೂ ಲೀಟರಿಗೆ ಸುಮಾರು 0.24 ಮೈಕ್ರೊಮೋಲ್ ಎಂದರೂ ಒಂದೇ. ಏಕಮಾನದ ಕಾಲಂ ಇಲ್ಲದ ಹಾಳೆಯಲ್ಲಿ ಇವೆರಡೂ ಒಂದರ ಕೆಳಗೊಂದು ಬಂದು ಕೂತರೆ ಎರಡನೆಯ ಮಗು ಪೂರ್ತಿ ಆರೋಗ್ಯವಾಗಿದೆ ಎಂದೇ ತೋರುತ್ತದೆ. ಮೂತ್ರದ ಮಾದರಿಯಾದರೆ ಕ್ರಿಯಾಟಿನಿನ್ ಅಥವಾ ಸಾಪೇಕ್ಷ ಸಾಂದ್ರತೆಯೂ ಬೇಕು, ಏಕೆಂದರೆ ಹೆಚ್ಚು ನೀರು ಕುಡಿದವರ ಮೂತ್ರ ತೆಳುವಾಗಿರುತ್ತದೆ. ಕರಾವಳಿಯವರೂ ಒಳನಾಡಿನವರೂ ಸೇರಿರುವ ಅಧ್ಯಯನದಲ್ಲಿ ಮೂತ್ರದ ಒಟ್ಟು ಆರ್ಸೆನಿಕ್ ಅಳೆಯುತ್ತಿದ್ದರೆ, ಹಿಂದಿನ ಕೆಲವು ದಿನಗಳಲ್ಲಿ ಮೀನು ತಿಂದಿದ್ದರೇ ಎಂಬ ಪ್ರಶ್ನೆಯ ಉತ್ತರವೂ ಅದೇ ದಾಖಲೆಯಲ್ಲಿ ಇರಬೇಕು. ಸಮುದ್ರದ ಮೀನಿನಲ್ಲಿ ಸಹಜವಾಗಿ ಇರುವ ಆರ್ಸೆನೊಬೀಟೇನ್ ಅಷ್ಟಾಗಿ ಅಪಾಯಕಾರಿಯಲ್ಲದಿದ್ದರೂ ಒಟ್ಟು ಅಂಕಿಯನ್ನು ಏರಿಸಿಬಿಡುತ್ತದೆ.

ಎರಡನೆಯ ಅಳತೆಗೋಲು ಜನರ ಗುರುತನ್ನು ಕಾಯುವುದು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಂಥ ಊರುಗಳಲ್ಲಿ, ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಪ್ರದೇಶದಲ್ಲಿ, ಒಬ್ಬ ಹುಡುಗಿಯ ಹೆಸರನ್ನು ಅಳಿಸಿ ‘ಹೆಣ್ಣು, 14 ವರ್ಷ, ಇಂಥ ಗ್ರಾಮ, ಇಂಥ ಅಪರೂಪದ ನ್ಯೂನತೆ’ ಎಂದು ಉಳಿಸಿದರೆ ಆ ಊರಿನ ಯಾರಿಗೂ ಆಕೆ ಯಾರೆಂದು ತಿಳಿಯಲು ಅರೆಕ್ಷಣ ಸಾಕು. ಜಿಪಿಎಸ್ ಅಂಕಿಗಳೂ ಹಾಗೆಯೇ: ದಶಾಂಶದ ನಂತರ ಐದು ಸ್ಥಾನಗಳಿದ್ದರೆ ಮನೆಯ ಬಾಗಿಲಿಗೇ ಹೋಗಿ ನಿಲ್ಲಬಹುದು, ಎರಡೇ ಸ್ಥಾನಗಳಿದ್ದರೆ ಒಂದು ಕಿಲೋಮೀಟರಿನಷ್ಟು ಮಸುಕು ಉಳಿಯುತ್ತದೆ. ಆದರೆ ಆ ಮಸುಕಿನಿಂದಲೇ ಯಾವ ಮನೆ ಯಾವ ಬಾವಿಯ ನೀರು ಕುಡಿಯುತ್ತದೆ ಎಂಬುದೂ ಕಳೆದುಹೋಗುತ್ತದೆ, ಮಾಲಿನ್ಯದ ಅಧ್ಯಯನದಲ್ಲಿ ಅದೇ ಮುಖ್ಯ ಪ್ರಶ್ನೆ. ಆದ್ದರಿಂದ ನಿಖರವಾದ ಸ್ಥಳವನ್ನು ಒಳಗಿನ ಪದರದಲ್ಲಿ ಇಟ್ಟು, ಅಲ್ಲಿಯೇ ಪ್ರತಿ ಮನೆಯ ಒಡ್ಡಿಕೆಯನ್ನು, ಅಂದರೆ ಆ ಮನೆಯವರು ಎಷ್ಟು ಮಾಲಿನ್ಯಕ್ಕೆ ಒಳಗಾಗಿದ್ದಾರೆ ಎಂಬುದನ್ನು, ಲೆಕ್ಕ ಹಾಕಿ, ಹೊರಗೆ ಕೊಡುವ ಪ್ರತಿಯಲ್ಲಿ ಲೆಕ್ಕದ ಫಲವನ್ನು ಮಾತ್ರ ಬಿಡುವ ಎರಡು ಪದರಗಳ ಏರ್ಪಾಡು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಈ ಹೊಣೆಯನ್ನು ನೆನಪಿಸುತ್ತವೆ. ಕಾಯಿದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆಯಾದರೂ ಅದು ಷರತ್ತುಗಳಿಗೆ ಒಳಪಟ್ಟದ್ದು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಆ ದತ್ತಾಂಶವನ್ನು ಬಳಸುವಂತಿಲ್ಲ.

ಹಾಗೆಂದು ಗುರುತಿನ ಕೊಂಡಿಯನ್ನೇ ಕಡಿದುಹಾಕುವುದನ್ನು ನಾನು ಒಪ್ಪುವುದಿಲ್ಲ. ಮಗುವೊಂದರ ರಕ್ತದಲ್ಲಿ ಸೀಸ ಅಪಾಯದ ಮಟ್ಟದಲ್ಲಿದೆ ಎಂದು ಪ್ರಯೋಗಾಲಯದಿಂದ ವರದಿ ಬಂದಾಗ ಆ ಮನೆಗೆ ಹೋಗಿ ತಿಳಿಸಲೇಬೇಕು. ಅದಕ್ಕಾಗಿ ಸಂಕೇತ ಸಂಖ್ಯೆಗೂ ಹೆಸರಿಗೂ ಇರುವ ನಂಟಿನ ಪಟ್ಟಿ ಒಬ್ಬರ ಅಥವಾ ಇಬ್ಬರ ವಶದಲ್ಲಿ ಬೇರೆಯಾಗಿ, ಬೀಗ ಹಾಕಿದಂತೆ, ಇರಬೇಕು.

ಮೂರನೆಯದು ತಿದ್ದುಪಡಿಯ ಜಾಡು. ಯಾರು, ಯಾವಾಗ, ಯಾವ ಅಂಕಿಯನ್ನು ಬದಲಿಸಿದರು ಎಂಬುದು ತಾನಾಗಿ ದಾಖಲಾಗಬೇಕು. ಮಾಲಿನ್ಯದ ಅಂಕಿಗಳು ಸಂಶೋಧನಾ ಪತ್ರಿಕೆಯಲ್ಲಿ ಬಂದು ಸುಮ್ಮನಾಗುವುದಿಲ್ಲ; ಪರಿಹಾರದ ಅರ್ಜಿಗೆ, ಹಸಿರು ನ್ಯಾಯಮಂಡಳಿಗೆ, ಉಚ್ಚ ನ್ಯಾಯಾಲಯಕ್ಕೆ ಹೋಗುತ್ತವೆ. ಎಂಡೋಸಲ್ಫಾನ್ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2011ರ ಮೇ ತಿಂಗಳಲ್ಲಿ ಮಧ್ಯಂತರ ನಿಷೇಧ ಬಂದದ್ದು ನೆನಪಿರಬಹುದು. ಅಂಥ ಕಡೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಜಾಡಿಲ್ಲದ ತಿದ್ದುಪಡಿಯೆಂಬ ಸಡಿಲ ಎಳೆಯನ್ನೇ.

ಉಳಿದೆರಡನ್ನು ಬೇಗ ಹೇಳಿಬಿಡಬಹುದು. ಹಣ ಮತ್ತು ಜನ ಎಷ್ಟು ಬೇಕು. ಅನುದಾನ ಮುಗಿದ ಮೇಲೆ ದತ್ತಾಂಶದ ಗತಿ ಏನು. ಸಾಫ್ಟ್‌ವೇರ್ ಉಚಿತ ಎಂದಾಕ್ಷಣ ವ್ಯವಸ್ಥೆ ಉಚಿತವಾಗುವುದಿಲ್ಲ, ಅದನ್ನು ನೋಡಿಕೊಳ್ಳುವವರ ಸಂಬಳವೇ ದೊಡ್ಡ ವೆಚ್ಚ.

ಹಂಚಿಕೊಂಡ ಎಕ್ಸೆಲ್ ಹಾಳೆ

ಎಲ್ಲರಿಗೂ ಗೊತ್ತಿರುವುದು, ಖರ್ಚಿಲ್ಲದ್ದು, ಇವತ್ತೇ ಶುರು ಮಾಡಬಹುದಾದದ್ದು ಇದೇ, ಹಾಗಾಗಿ ಇದನ್ನು ಹೀಗಳೆಯುವುದು ಸರಿಯಲ್ಲ. ವೈಯಕ್ತಿಕ ವಿವರವೇನೂ ಇಲ್ಲದ, ಕೆಲವು ನೂರು ಬಾವಿಗಳ ಫ್ಲೋರೈಡ್ ಅಂಕಿಗಳನ್ನು ಒಬ್ಬರೇ ತುಂಬುವುದಾದರೆ ಇದು ಸಾಕು. ಜನರ ರಕ್ತ, ಮೂತ್ರ, ಕಾಯಿಲೆಯ ವಿವರ ಬಂದೊಡನೆ ಇದರ ಮಿತಿ ಕಾಣತೊಡಗುತ್ತದೆ. ಕೊಂಡಿ ಸಿಕ್ಕವರೆಲ್ಲ ಎಲ್ಲವನ್ನೂ ನೋಡಬಹುದು. ಒಂದೇ ಕಾಲಂ ಅನ್ನು ಆರಿಸಿ ಅಕಾರಾದಿಯಾಗಿ ಜೋಡಿಸಿದರೆ ಒಬ್ಬರ ಫಲಿತಾಂಶ ಇನ್ನೊಬ್ಬರ ಹೆಸರಿನ ಮುಂದೆ ಬಂದು ಕೂರುತ್ತದೆ, ಹಾಗಾಗಿದೆ ಎಂದು ಗೊತ್ತಾಗುವ ಗುರುತೂ ಹಾಳೆಯಲ್ಲಿ ಉಳಿಯುವುದಿಲ್ಲ.

ರಾಸಾಯನಿಕಗಳ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ. ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆಯಾದ ಸಿಎಎಸ್ ಸಂಖ್ಯೆಯನ್ನು ದಾಖಲಿಸುವುದು ಒಳ್ಳೆಯ ಪದ್ಧತಿ, ಏಕೆಂದರೆ ಎಂಡೋಸಲ್ಫಾನ್ ಎಂಬ ಒಂದೇ ಹೆಸರಿನ ಕೆಳಗೆ ಆಲ್ಫಾ, ಬೀಟಾ ಎಂಬ ಎರಡು ರೂಪಗಳೂ ದೇಹದಲ್ಲಿ ಮತ್ತು ಮಣ್ಣಿನಲ್ಲಿ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟೂ ಅಡಗಿರುತ್ತವೆ. ಸಂಖ್ಯೆ ಬರೆದರೆ ಅಳೆದದ್ದು ಯಾವುದೆಂಬ ಗೊಂದಲ ಇರುವುದಿಲ್ಲ. ಆದರೆ ಕ್ಯಾನ್ಸರ್‌ಕಾರಕವಾದ ವಿನೈಲ್ ಕ್ಲೋರೈಡಿನ ಸಂಖ್ಯೆ 75-01-4 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 1975ರ ಜನವರಿ 4 ಎಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುವುದುಂಟು. ಎಕ್ಸೆಲ್ಲನ್ನೇ ಬಳಸುವವರು ಆ ಕಾಲಂ ಅನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ನಿಗದಿಪಡಿಸಬೇಕು. ಪ್ರಯೋಗಾಲಯದಿಂದ ಬಂದ ಮೂಲ ಕಡತವನ್ನು ಯಾರೂ ತಿದ್ದದಂತೆ ಬೇರೆ ಫೋಲ್ಡರಿನಲ್ಲಿ ಇಟ್ಟು, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

ಕ್ಷೇತ್ರದಲ್ಲೇ ತುಂಬುವ ಮೊಬೈಲ್ ಫಾರಂ

ಒಡಿಕೆ ಮತ್ತು ಅದರ ತಳಹದಿಯ ಮೇಲೆಯೇ ಬೆಳೆದ ಕೋಬೊ ಟೂಲ್‌ಬಾಕ್ಸ್ ಇಲ್ಲಿ ಬರುತ್ತವೆ. ಇವುಗಳ ಬಲ ಹಳ್ಳಿಯಲ್ಲಿ ಕಾಣುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಇಡಬಹುದು, ನೆಟ್‌ವರ್ಕ್ ಇಲ್ಲದ ಊರಿನಲ್ಲಿ ತುಂಬಿ ಸಂಜೆ ಊರಿಗೆ ಬಂದ ಮೇಲೆ ಕಳಿಸಬಹುದು, ವಯಸ್ಸಿನ ಜಾಗದಲ್ಲಿ 140 ಎಂದು ಒತ್ತಿದರೆ ಫಾರಂ ಮುಂದಕ್ಕೆ ಬಿಡದಂತೆ ಮಾಡಬಹುದು. ನನಗೆ ಬಹಳ ಮುಖ್ಯವೆನಿಸುವುದು ಬಾರ್‌ಕೋಡ್ ಓದುವ ಸೌಲಭ್ಯ: ನೀರಿನ ಬಾಟಲಿಗೆ ಅಂಟಿಸಿದ ಚೀಟಿಯನ್ನು ಫೋನಿನಿಂದ ಓದಿಸಿದರೆ ಆ ಬಾಟಲಿ, ಆ ಮನೆ, ಆ ಬಾವಿಯ ಜಿಪಿಎಸ್, ಆ ಸಮಯ ಎಲ್ಲವೂ ಒಂದೇ ದಾಖಲೆಗೆ ಸೇರುತ್ತವೆ. ಪೆನ್ನಿನಲ್ಲಿ ಬರೆದ ಬಾಟಲಿ ಸಂಖ್ಯೆ ಐಸ್ ಪೆಟ್ಟಿಗೆಯ ತೇವಕ್ಕೆ ಅಳಿಸಿಹೋಗಿ, ಯಾವ ಮಾದರಿ ಯಾರದೆಂದು ತಿಳಿಯದೆ ಚೆಲ್ಲಬೇಕಾಗುವ ಪ್ರಸಂಗ ಇದರಿಂದ ತಪ್ಪುತ್ತದೆ.

ಕೊರತೆಯೂ ಇದೆ. ಇವು ಸಂಗ್ರಹಿಸುವ ಉಪಕರಣಗಳು. ವಾರಗಟ್ಟಲೆ ಆದ ಮೇಲೆ ಪ್ರಯೋಗಾಲಯದಿಂದ ಬರುವ ಫಲಿತಾಂಶವನ್ನು ಹಳೆಯ ದಾಖಲೆಗೆ ಜೋಡಿಸುವುದು, ಅದೇ ವ್ಯಕ್ತಿಯನ್ನು ಮುಂಗಾರಿಗೆ ಮೊದಲು ಮತ್ತು ಮುಂಗಾರಿನ ನಂತರ ಮತ್ತೆ ಮತ್ತೆ ನೋಡುವುದು ಇವುಗಳಲ್ಲಿ ಸಲೀಸಲ್ಲ. ಕೋಬೊದ ಉಚಿತ ಖಾತೆಗೆ ಮಿತಿಗಳಿವೆ, ದತ್ತಾಂಶ ಅವರ ಸರ್ವರಿನಲ್ಲಿ ಇರುತ್ತದೆ. ಒಡಿಕೆಯ ಸರ್ವರ್ ತಂತ್ರಾಂಶವಾದ ಒಡಿಕೆ ಸೆಂಟ್ರಲ್ ಅನ್ನು ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಕೈಪಳಗಿದ ಒಬ್ಬ ತಂತ್ರಜ್ಞ ಬೇಕು.

ರೆಡ್‌ಕ್ಯಾಪ್

ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಹುಟ್ಟಿದ ಈ ವ್ಯವಸ್ಥೆ ಆರೋಗ್ಯ ಸಂಶೋಧನೆಗೆಂದೇ ರೂಪುಗೊಂಡದ್ದು. ಲಾಭರಹಿತ ಸಂಸ್ಥೆಗಳಿಗೆ ಶುಲ್ಕವಿಲ್ಲ, ಆದರೆ ಒಪ್ಪಂದಕ್ಕೆ ಸಹಿ ಹಾಕಬೇಕಾದದ್ದು ಸಂಸ್ಥೆ. ಒಬ್ಬ ಸಂಶೋಧಕ ತನ್ನ ಹೆಸರಿನಲ್ಲಿ ಪಡೆಯಲಾಗದು. ನಮ್ಮ ಮೊದಲ ಮೂರು ಅಳತೆಗೋಲುಗಳಲ್ಲಿ ಇದರಷ್ಟು ಚೆನ್ನಾಗಿ ನಿಲ್ಲುವುದು ಈ ಪಟ್ಟಿಯಲ್ಲಿ ಬೇರೊಂದಿಲ್ಲ. ಪ್ರತಿ ಬದಲಾವಣೆಯೂ ಹೆಸರು ಮತ್ತು ಸಮಯದೊಡನೆ ದಾಖಲಾಗುತ್ತದೆ. ಪ್ರಯೋಗಾಲಯದವರಿಗೆ ಮಾದರಿಯ ಸಂಕೇತ ಮತ್ತು ಫಲಿತಾಂಶದ ಪುಟ ಮಾತ್ರ, ಕ್ಷೇತ್ರದವರಿಗೆ ಸಮೀಕ್ಷೆಯ ಪುಟ ಮಾತ್ರ, ವಿಶ್ಲೇಷಕರಿಗೆ ಗುರುತಿನ ವಿವರ ತೆಗೆದ ಪ್ರತಿ ಮಾತ್ರ ಕಾಣುವಂತೆ ಹಕ್ಕುಗಳನ್ನು ಹಂಚಬಹುದು. ಒಬ್ಬನೇ ವ್ಯಕ್ತಿಯ ಹಲವು ಭೇಟಿಗಳನ್ನು ಒಂದೇ ಸಂಕೇತದ ಕೆಳಗೆ ಇಡಬಹುದು.

ಇದಕ್ಕೆ ತೆರಬೇಕಾದ ಬೆಲೆ, ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ವ್ಯಕ್ತಿ. ಸರ್ವರಿಗೆ ಸುರಕ್ಷತಾ ಅಪ್‌ಡೇಟ್ ಹಾಕದೆ, ಬ್ಯಾಕಪ್ ತೆಗೆಯದೆ ಬಿಟ್ಟ ರೆಡ್‌ಕ್ಯಾಪ್‌ಗಿಂತ ಶಿಸ್ತಿನಿಂದ ಇಟ್ಟ ಎಕ್ಸೆಲ್ ಕಡತವೇ ಮೇಲು. ನಿಮ್ಮ ಕಾಲೇಜಿನ ಔಷಧ ಪ್ರಯೋಗ ವಿಭಾಗದವರು ಈಗಾಗಲೇ ಇದನ್ನು ಬಳಸುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಪಾಲುದಾರ ಸಂಸ್ಥೆಗಳಲ್ಲಿ ಯಾರ ಬಳಿ ಇದೆಯೋ ಅವರ ಸರ್ವರಿನಲ್ಲಿ ಯೋಜನೆ ತೆರೆಯುವುದು ಹೊಸದಾಗಿ ಹಾಕಿಸುವುದಕ್ಕಿಂತ ಸುಲಭ.

ದತ್ತಾಂಶ ಕದಲದೆ ಲೆಕ್ಕ ಮಾತ್ರ ಓಡಾಡುವ ಏರ್ಪಾಡು

ಕೆಲವೊಮ್ಮೆ ಸಂಸ್ಥೆಗಳು ತಮ್ಮ ಮೂಲ ದತ್ತಾಂಶವನ್ನು ಹೊರಗೆ ಬಿಡಲು ಆಗುವುದೇ ಇಲ್ಲ. ಸಮ್ಮತಿ ಪತ್ರದಲ್ಲಿ ಹಂಚಿಕೆಯ ಮಾತು ಇರುವುದಿಲ್ಲ, ಅಥವಾ ನೈತಿಕ ಸಮಿತಿ ಒಪ್ಪುವುದಿಲ್ಲ, ಅಥವಾ ಪಾಲುದಾರರು ವಿದೇಶದವರಾಗಿದ್ದು ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇಕಾಗಿರುತ್ತದೆ. ಆಗ ಡೇಟಾಶೀಲ್ಡ್‌ನಂಥ ಏರ್ಪಾಡು ಉಪಯೋಗಕ್ಕೆ ಬರುತ್ತದೆ. ಪ್ರತಿ ಸಂಸ್ಥೆಯೂ ತನ್ನ ದತ್ತಾಂಶವನ್ನು ತನ್ನ ಸರ್ವರಿನಲ್ಲೇ ಇಟ್ಟುಕೊಳ್ಳುತ್ತದೆ. ವಿಶ್ಲೇಷಕ ಕಳಿಸಿದ ಲೆಕ್ಕ ಅಲ್ಲಿಗೆ ಹೋಗಿ ಮೊತ್ತದ ಫಲಿತಾಂಶ ಮಾತ್ರ ಹಿಂದಿರುಗುತ್ತದೆ. ಒಂದು ಕೋಷ್ಟಕದ ಕೋಶದಲ್ಲಿ ತೀರಾ ಕೆಲವರೇ ಇದ್ದರೆ ಆ ಉತ್ತರವನ್ನು ವ್ಯವಸ್ಥೆಯೇ ತಡೆಯುತ್ತದೆ. ಯುರೋಪಿನಲ್ಲಿ ಎರಡೂ ದಾರಿಗಳ ಅನುಭವ ಇದೆ: ಗರ್ಭಾವಸ್ಥೆ ಮತ್ತು ಬಾಲ್ಯದಲ್ಲಿ ಎದುರಾಗುವ ಮಾಲಿನ್ಯಕಾರಕಗಳನ್ನು ನೋಡಿದ ಹೀಲಿಕ್ಸ್ ಯೋಜನೆ ಆರು ದೇಶಗಳ ಜನನ ಸಮೂಹಗಳ (ಹುಟ್ಟಿಗೆ ಮೊದಲಿಂದಲೋ ಹುಟ್ಟಿದಂದಿನಿಂದಲೋ ಅನುಸರಿಸಿ ನೋಡುವ ಮಕ್ಕಳ ಗುಂಪುಗಳ) ದತ್ತಾಂಶವನ್ನು ಒಂದೆಡೆ ಕೂಡಿಹಾಕಿತು, ಲೈಫ್‌ಸೈಕಲ್ ಯೋಜನೆ ಡೇಟಾಶೀಲ್ಡ್ ಮೂಲಕ ಅವರವರ ಜಾಗದಲ್ಲೇ ಇಟ್ಟು ವಿಶ್ಲೇಷಿಸಿತು.

ಇದು ಕೇಳಲು ಎಲ್ಲಕ್ಕೂ ಪರಿಹಾರ ಎನಿಸಿದರೂ, ಎಲ್ಲ ಸಂಸ್ಥೆಗಳೂ ಕಾಲಂಗಳ ಹೆಸರು, ಏಕಮಾನ, ಸಂಕೇತಗಳನ್ನು ಅಕ್ಷರಶಃ ಒಂದೇ ರೀತಿ ಮಾಡಿಕೊಳ್ಳುವವರೆಗೆ ಒಂದು ಲೆಕ್ಕವೂ ನಡೆಯುವುದಿಲ್ಲ, ಮತ್ತು ಆ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಮೂಲ ಸಾಲುಗಳು ಕಾಣದಿರುವುದರಿಂದ ಒಂದು ವಿಚಿತ್ರ ಅಂಕಿ ಕಂಡರೆ ಅದು ನಿಜವಾದ ವಿಷವೋ ಟೈಪಿಂಗ್ ತಪ್ಪೋ ಎಂದು ವಿಶ್ಲೇಷಕ ತಾನೇ ನೋಡಿ ತಿಳಿಯುವಂತಿಲ್ಲ. ಎರಡು ಮೂರು ಸಂಸ್ಥೆಗಳ ಸಣ್ಣ ಅಧ್ಯಯನಕ್ಕೆ ಇದನ್ನು ನಾನು ಸೂಚಿಸುವುದಿಲ್ಲ.

ಸಾರ್ವಜನಿಕ ಭಂಡಾರಗಳು

ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಝೆನೋಡೊ, ಹಾರ್ವರ್ಡ್‌ನಲ್ಲಿ ಬೆಳೆದ ಡೇಟಾವರ್ಸ್ ಮುಂತಾದವು ಮೇಲಿನವುಗಳಿಗೆ ಬದಲಿಯಲ್ಲ. ಕೆಲಸ ಮುಗಿದ ದತ್ತಾಂಶವನ್ನು ಇಡುವ ಜಾಗಗಳು. ಝೆನೋಡೊದಲ್ಲಿ ಒಂದು ದಾಖಲೆಗೆ 50 ಜಿಬಿವರೆಗೆ ಉಚಿತ ಜಾಗವೂ ಉಲ್ಲೇಖಿಸಲು ಬಳಸುವ ಶಾಶ್ವತ ಗುರುತಾದ ಡಿಒಐ ಸಂಖ್ಯೆಯೂ ಸಿಗುತ್ತವೆ. ಪ್ರಕಟಿಸಿದ ಕಡತವನ್ನು ಬದಲಿಸಬೇಕಾದರೆ ಹೊಸ ಆವೃತ್ತಿಯಾಗಿಯೇ ಏರಿಸಬೇಕು, ಹೀಗಾಗಿ ಹಳೆಯದು ಮಾಯವಾಗುವುದಿಲ್ಲ. ಡೇಟಾವರ್ಸ್ ಅನ್ನು ಸಂಸ್ಥೆಯೊಂದು ತನ್ನದೇ ಆಗಿ ಸ್ಥಾಪಿಸಿಕೊಳ್ಳಬಹುದು, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಹಾಗೆ ನಡೆಸುತ್ತಿದೆ. ಕೋರಿಕೆ ಸಲ್ಲಿಸಿದವರಿಗೆ ಮಾತ್ರ ಕಡತ ತೆರೆಯುವ ಏರ್ಪಾಡು ಎರಡರಲ್ಲೂ ಇದೆ. ಐದನೆಯ ಅಳತೆಗೋಲಿನಲ್ಲಿ, ಅಂದರೆ ಅನುದಾನ ಮುಗಿದ ನಂತರದ ಬಾಳಿಕೆಯಲ್ಲಿ, ಇವುಗಳನ್ನು ಮೀರಿಸುವುದು ಕಷ್ಟ. ಆದರೆ ಒಮ್ಮೆ ಸಾರ್ವಜನಿಕವಾದದ್ದನ್ನು ಹಿಂದೆಗೆದುಕೊಂಡರೂ ಇಳಿಸಿಕೊಂಡವರ ಬಳಿ ಅದು ಉಳಿದೇ ಇರುತ್ತದೆ. ಆದ್ದರಿಂದ ವ್ಯಕ್ತಿಗಳ ಸಾಲುಗಳನ್ನು ಏರಿಸುವ ಮೊದಲು, ಆ ಊರನ್ನು ಬಲ್ಲ ಆಶಾ ಕಾರ್ಯಕರ್ತೆಯೊಬ್ಬರು ಅದನ್ನು ನೋಡಿದರೆ ಯಾರನ್ನಾದರೂ ಗುರುತಿಸಬಲ್ಲರೇ ಎಂದು ಯೋಚಿಸಿ. ಗುರುತಿಸಬಲ್ಲರು ಎಂದಾದರೆ ಏರಿಸಬೇಡಿ. ಗ್ರಾಮ ಅಥವಾ ಹೋಬಳಿ ಮಟ್ಟದ ಮೊತ್ತಗಳನ್ನು ಕೊಡಿ.

ಯಾರಿಗೆ ಯಾವುದು

ಎರಡು ಮೂರು ವರ್ಷದ ಅನುದಾನವಿರುವ, ಒಂದು ವೈದ್ಯಕೀಯ ಕಾಲೇಜು, ಒಂದು ಪ್ರಯೋಗಾಲಯ, ಒಂದು ಸ್ವಯಂಸೇವಾ ಸಂಸ್ಥೆ ಸೇರಿದ ತಂಡಕ್ಕೆ ನನ್ನ ಸಲಹೆ ಸ್ಪಷ್ಟ: ಹಳ್ಳಿಯಲ್ಲಿ ಒಡಿಕೆ ಅಥವಾ ಕೋಬೊ, ಕಾಲೇಜಿನಲ್ಲಿ ರೆಡ್‌ಕ್ಯಾಪ್, ಕೊನೆಯಲ್ಲಿ ಗುರುತು ತೆಗೆದ ಪ್ರತಿ ಮತ್ತು ಪೂರ್ಣ ವಿವರಣಾ ಕಡತ ಝೆನೋಡೊದಲ್ಲಿ. ಅನುದಾನದ ಅರ್ಜಿಯಲ್ಲೇ ದತ್ತಾಂಶ ನೋಡಿಕೊಳ್ಳುವ ಒಬ್ಬರ ಸಂಬಳ ಕೇಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ. ಮೊದಲ ಮಾದರಿ ತೆಗೆಯುವ ಮುನ್ನ ಎಲ್ಲ ಪಾಲುದಾರರೂ ಕೂತು ಪ್ರತಿ ಕಾಲಮ್ಮಿನ ಅರ್ಥ, ಏಕಮಾನ, ಪತ್ತೆಮಿತಿ ಬರೆಯುವ ಕ್ರಮ, ಊರಿನ ಹೆಸರಿನ ಬದಲು ಬಳಸುವ ಸರ್ಕಾರಿ ಗ್ರಾಮ ಸಂಕೇತ ಇವನ್ನು ಬರೆದಿಟ್ಟುಕೊಳ್ಳಿ. ಸಮ್ಮತಿ ಪತ್ರದಲ್ಲಿ ಮುಂದಿನ ಹಂಚಿಕೆಯ ಮಾತನ್ನು ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಸೇರಿಸಿ, ಅದನ್ನು ಓದಿ ಹೇಳಿ. ಇದನ್ನು ಬಿಟ್ಟರೆ ಮುಂದೆ ಯಾವ ಭಂಡಾರದ ಬಾಗಿಲೂ ನಿಮಗೆ ತೆರೆಯುವುದಿಲ್ಲ.

ಹಲವು ರಾಜ್ಯಗಳ ಅಥವಾ ದೇಶಗಳ ಸಮೂಹಗಳು ಈಗಾಗಲೇ ಸಂಗ್ರಹಿಸಿದ ದತ್ತಾಂಶವನ್ನು ಕೂಡಿಸಿ ನೋಡುವ ಉದ್ದೇಶವಿದ್ದರೆ ಮಾತ್ರ ಡೇಟಾಶೀಲ್ಡ್ ದಾರಿಯ ಶ್ರಮ ಸಾರ್ಥಕ.

ಹಳ್ಳಿಯ ನೀರಿನ ಗುಣಮಟ್ಟವನ್ನಷ್ಟೇ ವರ್ಷದಿಂದ ವರ್ಷಕ್ಕೆ ನೋಡುತ್ತಿರುವ ಸಣ್ಣ ಸಂಸ್ಥೆಗಳು ಕೋಬೊ ಮತ್ತು ಶಿಸ್ತಾದ ಒಂದು ಹಾಳೆಯಲ್ಲೇ ನಿಲ್ಲಬಹುದು. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ಅಂಕಿಗಳಂಥವನ್ನು ಬಚ್ಚಿಡಲು ಕಾರಣವೂ ಇಲ್ಲ. ಪಂಚಾಯಿತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮೊದಲು ಕೊಟ್ಟು, ಆಮೇಲೆ ಝೆನೋಡೊಗೆ ಏರಿಸಿ.

ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ನೂರಿನ್ನೂರು ಜನರನ್ನು ನೋಡುವಾಗ ಹೊಸ ಸರ್ವರಿನ ಗೋಜಿಗೆ ಹೋಗಬೇಕಿಲ್ಲ. ವಿಭಾಗದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿದ ಕಡತ, ಹೆಸರಿನ ಪಟ್ಟಿ ಮಾರ್ಗದರ್ಶಕರ ಬಳಿ ಬೇರೆಯಾಗಿ, ಪ್ರತಿ ಫಲಿತಾಂಶದ ಪಕ್ಕ ಪತ್ತೆಮಿತಿಯ ಕಾಲಂ ಇಷ್ಟು ಇದ್ದರೆ, ಮುಂದಿನ ವರ್ಷ ಅದೇ ವಿಷಯ ಎತ್ತಿಕೊಳ್ಳುವ ವಿದ್ಯಾರ್ಥಿ ನಿಮ್ಮ ಅಂಕಿಗಳನ್ನು ತನ್ನವುಗಳ ಜೊತೆ ಅಂಜಿಕೆಯಿಲ್ಲದೆ ಕೂಡಿಸಬಹುದು.